ನಾಯಿಗೆ ಹಸಿ ಮಾಂಸದ ಊಟ: ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಲ್ಲಿ ಮಾಡುವುದಾದರೆ ಹೀಗೆ ಮಾಡಿ

ನಾಯಿಗೆ ಹಸಿ ಮಾಂಸ ಹಾಕಬೇಕೆಂದವರು ಮೊದಲು ಕೇಳುವುದು ದಿನಕ್ಕೆ ಎಷ್ಟು ಕೊಡಬೇಕು ಎಂದು. ನಮ್ಮ ಮೂರು ಜಿಲ್ಲೆಗಳಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಮನೆಯ ಫ್ರೀಜರ್ ನಿಜಕ್ಕೂ ಎಷ್ಟು ತಣ್ಣಗಿರುತ್ತದೆ, ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ? ಶಕ್ತಿನಗರದಲ್ಲೂ ಕುಡತಿನಿಯಲ್ಲೂ ವಿದ್ಯುತ್ ತಯಾರಾಗುತ್ತದೆ, ನಿಜ. ಏಪ್ರಿಲ್ ಮಧ್ಯಾಹ್ನ ನಮ್ಮ ಓಣಿಯಲ್ಲಿ ಅದು ಇರುತ್ತದೆಯೇ ಅನ್ನುವುದು ಬೇರೆ ಮಾತು. ಹಸಿ ಊಟ ಕೆಡುವುದು ಹೆಚ್ಚಾಗಿ ಮೂರೇ ಕಡೆ: ತಂಪಿನಲ್ಲಿ, ತಕ್ಕಡಿಯಲ್ಲಿ, ಕುರಿಯ ಒಳಾಂಗದಲ್ಲಿ. ಈ ಮೂರನ್ನು ಹಿಡಿತಕ್ಕೆ ತಂದುಕೊಂಡರೆ ಉಳಿದದ್ದು ಅಡುಗೆಮನೆ ಕೆಲಸ.

ಈ ಪದ್ಧತಿಯ ಈಗಿನ ರೂಪ 1990ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಹರಡಿದ್ದು. ನಾಯಿ ಎಂದರೆ ತೋಳದ ವಂಶ, ತೋಳದ ಹಾಗೇ ತಿನ್ನಲಿ ಎಂಬುದು ಅದರ ವಾದ. ವಾದ ಅರ್ಧ ಸರಿ. ಪಿಷ್ಟ ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಪಟ್ಟು ಹೆಚ್ಚು ಪ್ರತಿಗಳಲ್ಲಿದೆ ಎಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ತೋರಿಸಿದರು. ನಮ್ಮ ಜೋಳದ ರೊಟ್ಟಿ, ಮಜ್ಜಿಗೆ ತಿಂದು ಬೆಳೆದ ನಾಯಿಗಳು ಸುಮ್ಮನೆ ಬದುಕಿಲ್ಲ. ಅಮೆರಿಕದ ಪಶುವೈದ್ಯರ ಸಂಘ 2012ರಿಂದಲೇ ಹಸಿ ಮಾಂಸ ಬೇಡ ಎನ್ನುತ್ತಿದೆ. ಕಾರಣ ನಾಯಿಯ ಹೊಟ್ಟೆಗಿಂತ ಹೆಚ್ಚಾಗಿ ಮನೆಯವರ ಆರೋಗ್ಯ. ಹಸಿ ಮಾಂಸ ತಿನ್ನುವ ನಾಯಿ ತಾನು ಚೆನ್ನಾಗಿದ್ದುಕೊಂಡೇ ಸಾಲ್ಮೊನೆಲ್ಲಾ ರೋಗಾಣುವನ್ನು ಮಲದಲ್ಲಿ ಬಿಡುತ್ತಿರಬಹುದು. ಆದ್ದರಿಂದ ಹಸಿಯಾಗಿಯೇ ಹಾಕಲೇಬೇಕು ಎಂಬುದೇನಿಲ್ಲ. ಹಾಕುವುದೆಂದು ತೀರ್ಮಾನಿಸಿದವರಿಗೆ ಈ ಬರಹ.

ಯಾವ ಮನೆಗೆ ಬೇಡ

ಐದು ವರ್ಷದೊಳಗಿನ ಮಕ್ಕಳು, ಬಸುರಿ, ಬಾಣಂತಿ, ತೀರಾ ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇರುವ ಮನೆಯಲ್ಲಿ ಬೇಯಿಸಿದ್ದನ್ನೇ ಹಾಕಿ. ನಾಯಿಗೆ ಪ್ಯಾಂಕ್ರಿಯಾಸ್ ಉರಿಯೂತ, ಮೂತ್ರಪಿಂಡದ ತೊಂದರೆ ಇದ್ದರೆ ಅಥವಾ ಸ್ಟೆರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಬೇಡ. ಮರಿಗಳಿಗೂ ಬೇಡ. ಬೆಳೆಯುವ ಮರಿಗೆ ಕ್ಯಾಲ್ಸಿಯಂ, ರಂಜಕದ ಲೆಕ್ಕ ಸ್ವಲ್ಪ ತಪ್ಪಿದರೂ ಕಾಲು ಸೊಟ್ಟಗಾಗುತ್ತದೆ, ಸಣ್ಣ ಜಿಗಿತಕ್ಕೂ ಮೂಳೆ ಮುರಿಯುತ್ತದೆ. ಮರಿ ಗಟ್ಟಿಯಾಗಲಿ ಎಂದು ಬರೀ ಮೆತ್ತನೆ ಮಾಂಸ ಹಾಕಿ ಬೆಳೆಸಿದ ಮರಿಗಳಲ್ಲೇ ಇದು ಹೆಚ್ಚು: ಮಾಂಸದಲ್ಲಿ ರಂಜಕ ತುಂಬ, ಕ್ಯಾಲ್ಸಿಯಂ ಇಲ್ಲವೆಂಬಷ್ಟು ಕಡಿಮೆ, ಹಾಗಾಗಿ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಸಾಧಾರಣ ಗಾತ್ರದ ನಾಯಿಗೆ 12 ತಿಂಗಳು, ದೊಡ್ಡ ಜಾತಿಗೆ 18 ತಿಂಗಳು ತುಂಬುವವರೆಗೆ ಕಾಯಿರಿ.

ಮೊದಲು ಫ್ರೀಜರ್

ಒಂದೇ ಬಾಗಿಲಿನ ಫ್ರಿಜ್‌ನ ಮೇಲ್ಭಾಗದಲ್ಲಿ ಐಸ್ ಕಟ್ಟುತ್ತದೆ. ಐಸ್ ಕಟ್ಟಿತು ಎಂದರೆ ಸೊನ್ನೆಗಿಂತ ಕೆಳಗಿದೆ ಎಂದಷ್ಟೇ ಅರ್ಥ. ನಮಗೆ ಬೇಕಾದದ್ದು ಮೈನಸ್ 18 ಡಿಗ್ರಿ. ಚಿಕ್ಕದೊಂದು ಡಿಜಿಟಲ್ ಥರ್ಮಾಮೀಟರ್ ಒಳಗಿಟ್ಟು ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಬರೆದಿಟ್ಟುಕೊಳ್ಳಿ. ಮಧ್ಯಾಹ್ನದ ಅಂಕಿಯೇ ನಿಜವಾದ ಅಂಕಿ. ಹೊರಗೆ 41 ಡಿಗ್ರಿ ಇದ್ದು ಫ್ರಿಜ್ ಗೋಡೆಗೆ ಒತ್ತಿಕೊಂಡಿದ್ದರೆ ಅದು ಮೈನಸ್ 8ರ ಸುತ್ತ ಒದ್ದಾಡುತ್ತಿರುತ್ತದೆ. ಗೋಡೆಯಿಂದ ಒಂದು ಗೇಣು ಮುಂದೆ ಎಳೆದರೆ ವ್ಯತ್ಯಾಸ ಕಾಣುತ್ತದೆ. ಅದರಲ್ಲೂ ಇಳಿಯದಿದ್ದರೆ ಎರಡು ಬಾಗಿಲಿನ ಫ್ರಿಜ್ ಅಥವಾ ಚಿಕ್ಕ ಡೀಪ್ ಫ್ರೀಜರ್ ಬೇಕು. ಮನೆಯಲ್ಲಿ ಮಾಂಸ ತಿನ್ನದವರಿದ್ದರೆ, ಶ್ರಾವಣದಲ್ಲಿ ಮನೆಯೊಳಗೆ ತರುವಂತಿಲ್ಲದಿದ್ದರೆ ಬೇರೆ ಫ್ರೀಜರ್ ಹೇಗಿದ್ದರೂ ಬೇಕೇ ಬೇಕು.

ನೀವು ಊರಲ್ಲಿಲ್ಲದಾಗ ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಎಂದು ತಿಳಿಯಲು ಒಂದು ಸುಲಭದ ದಾರಿ ಇದೆ. ಸ್ಟೀಲ್ ಲೋಟದಲ್ಲಿ ನೀರು ಗಡ್ಡೆ ಕಟ್ಟಿಸಿ ಅದರ ಮೇಲೊಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ಬಂದು ನೋಡಿದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ಐಸಿನ ನಡುವೆ ಇಳಿದಿದ್ದರೆ ಅಷ್ಟು ಕರಗಿ ಮತ್ತೆ ಗಟ್ಟಿಯಾಗಿದೆ. ತಳದಲ್ಲಿದ್ದರೆ ಮಾಂಸವೆಲ್ಲ ಪೂರ್ತಿ ಕರಗಿ ಬೆಚ್ಚಗಾಗಿತ್ತು, ಯಾವುದನ್ನೂ ಹಾಕಬೇಡಿ. ಪುಸ್ತಕದ ಲೆಕ್ಕದಲ್ಲಿ ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಎರಡು ದಿನ ತಂಪು ಹಿಡಿಯುತ್ತದೆ. ಅದು ತಂಪು ದೇಶದ ಅಡುಗೆಮನೆಯ ಲೆಕ್ಕ. ನಮ್ಮ ಬೇಸಿಗೆಗೆ ಅದನ್ನು ನಂಬಬೇಡಿ. ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿಸಿಟ್ಟರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ.

ಇನ್ನೊಂದು ಮಾತು. ಗಡ್ಡೆ ಕಟ್ಟಿಸಿದರೆ ರೋಗಾಣು ಸಾಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸಾಲ್ಮೊನೆಲ್ಲಾ ಸಾಯುವುದಿಲ್ಲ, ಮಲಗಿರುತ್ತದೆ. ಕರಗಿದ ಮೇಲೆ ಎದ್ದು ಮತ್ತೆ ಬೆಳೆಯುತ್ತದೆ. ಅತಿ ತಂಪಿಗೆ ಸಾಯುವುದು ಮಾಂಸಖಂಡದಲ್ಲಿರುವ ಹುಳುವಿನ ಎಳೆ ಗೂಡುಗಳು. ಅದಕ್ಕೂ ಕಾಲ ಬೇಕು. ಕುರಿ, ಆಡಿನ ಮಾಂಸಕ್ಕೆ ಮೈನಸ್ 10 ಡಿಗ್ರಿಗಿಂತ ಕೆಳಗೆ ಕನಿಷ್ಠ 10 ದಿನ.

ಕುರಿಯ ಕಾರ್ಜ (ಲಿವರ್) ಹಸಿಯಾಗಿ ಬೇಡವೇ ಬೇಡ

ಇದು ಕುರಿಯ ನಾಡು. ಕೊಪ್ಪಳ, ಕುಷ್ಟಗಿ, ಲಿಂಗಸುಗೂರು ಕಡೆಯ ರಸ್ತೆಗಳಲ್ಲಿ ಮಂದೆ ಅಡ್ಡ ಬರದ ದಿನವಿಲ್ಲ, ಪ್ರತಿ ಮಂದೆಯ ಹಿಂದೆ ಎರಡು ನಾಯಿ. ಕುರಿ ಕೊಯ್ದಾಗ ಬೇಡವಾದ ಒಳಾಂಗವನ್ನು ಆ ನಾಯಿಗಳಿಗೆ ಎಸೆಯುವುದು ಹಿಂದಿನಿಂದ ಬಂದ ರೂಢಿ. ಆ ರೂಢಿಯನ್ನೇ ನಂಬಿ ಒಂದು ಹುಳು ಬದುಕಿದೆ, ಹೆಸರು ಎಕಿನೊಕಾಕಸ್. ನಾಯಿಯ ಕರುಳಲ್ಲಿ ಅದು ಅಕ್ಕಿಕಾಳಿಗಿಂತ ಚಿಕ್ಕದು, 3ರಿಂದ 6 ಮಿಲಿಮೀಟರ್. ನಾಯಿಗೆ ಏನೂ ಅನ್ನಿಸುವುದಿಲ್ಲ. ಮಲದಲ್ಲಿ ಬಿದ್ದ ಮೊಟ್ಟೆ ಹುಲ್ಲಿಗೆ ಅಂಟಿ ಕುರಿಯ ಹೊಟ್ಟೆ ಸೇರುತ್ತದೆ. ನಾಯಿಯ ಮೈ ಸವರಿದ ಕೈಯಿಂದ ಮನುಷ್ಯನ ಹೊಟ್ಟೆಗೂ ಹೋಗುತ್ತದೆ. ಅಲ್ಲಿಂದ ಕಾರ್ಜಕ್ಕೋ ಪುಪ್ಪಸಕ್ಕೋ ಹೋಗಿ ನೀರುಗುಳ್ಳೆಯಾಗಿ ವರ್ಷಗಟ್ಟಲೆ ಊದುತ್ತದೆ. ಮನುಷ್ಯನಲ್ಲಿ ಅದನ್ನು ತೆಗೆಯಲು ಅನೇಕ ಸಲ ಆಪರೇಷನ್ನೇ ಆಗಬೇಕು.

ಗುಳ್ಳೆ ಕಣ್ಣಿಗೆ ಕಾಣುತ್ತದೆ. ಕಾರ್ಜ ತಂದಾಗ ತಟ್ಟೆಯಲ್ಲಿ ಬಿಡಿಸಿ ನೋಡಿ. ಕಪ್ಪುಗೆಂಪು ಮೈಯಲ್ಲಿ ಬೋರೆಹಣ್ಣಿನಷ್ಟೋ ನಿಂಬೆಹಣ್ಣಿನಷ್ಟೋ ಬಿಳಿಯ ಉಬ್ಬು, ಮುಟ್ಟಿದರೆ ನೀರು ತುಂಬಿದ ಬಲೂನಿನಂತೆ ಬಿಗಿ, ಕೊಯ್ದರೆ ಸ್ವಚ್ಛ ನೀರು ಚಿಮ್ಮಿ ಒಳಗೆ ಬಿಳಿ ಪೊರೆ. ಅಂಥದ್ದು ಕಂಡರೆ ಕೊಯ್ಯಬೇಡಿ, ಇಡೀ ತುಂಡನ್ನೇ ಅರ್ಧ ಗಂಟೆ ಕುದಿಸಿ ಆಮೇಲೆ ಆಳವಾಗಿ ಹೂಳಿ. ಬೀದಿ ನಾಯಿಗೆ ಎಸೆದರೆ ಸುತ್ತು ಮತ್ತೆ ಶುರು. ಗುಳ್ಳೆ ಕಾಣಲಿಲ್ಲ ಎಂದು ಹಸಿಯಾಗಿ ಹಾಕುವಂತೆಯೂ ಇಲ್ಲ, ಒಳಗೆ ಚಿಕ್ಕವು ಅಡಗಿರುತ್ತವೆ. ಕುರಿ, ಆಡಿನ ಕಾರ್ಜ, ಗುರ್ದಾ (ಕಿಡ್ನಿ), ತಿಲ್ಲಿ (ಗುಲ್ಮ), ಪುಪ್ಪಸ ಯಾವುದೇ ಇರಲಿ, ಬೆರಳಗಲ ತುಂಡು ಮಾಡಿ 30 ನಿಮಿಷ ಕುದಿಸಿಯೇ ಹಾಕಿ. ಹೀಗಾದರೆ ಊಟ ಪೂರ್ತಿ ಹಸಿ ಆಗಲಿಲ್ಲವಲ್ಲ ಎಂದು ಶಾಸ್ತ್ರ ಹೇಳುವವರ ಮಾತು ಕೇಳಬೇಡಿ.

ಕುರಿಯ ಮೆದುಳಿಗೂ ಇದೇ ಮಾತು. ಒಂದೇ ಕಡೆ ತಲೆ ವಾಲಿಸಿ ಸುತ್ತುವ ಕುರಿಯನ್ನು ಕುರಿಗಾರರು ನೋಡಿಯೇ ಇರುತ್ತಾರೆ. ಆ ಮೆದುಳಿನ ಗುಳ್ಳೆ ಇನ್ನೊಂದು ಲಾಡಿಹುಳುವಿನ ಮರಿ, ಅದರ ತಾಯಿ ಇರುವುದೂ ನಾಯಿಯ ಕರುಳಲ್ಲೇ. ತಾನಾಗಿ ಸತ್ತ ಕುರಿಯ ಮಾಂಸ, ಕಂದು ಹಾಕಿದ ಮರಿ, ಸತ್ತೆ (ಈದ ಮೇಲೆ ಬೀಳುವ ಮಾಸು) ಇವನ್ನು ಬೇಯಿಸಿಯೂ ಹಾಕಬಾರದು.

ಹಸಿ ಮಾಂಸ ತಿನ್ನುವ ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಜಂತುಹುಳು ಮಾತ್ರೆ 6 ವಾರಕ್ಕೊಮ್ಮೆ. ಆ ಅವಧಿಗೆ ಕಾರಣವಿದೆ: ಈ ಹುಳು ಕರುಳಲ್ಲಿ ಬೆಳೆದು ಮೊಟ್ಟೆ ಬಿಡಲು ಆರೇಳು ವಾರ ತೆಗೆದುಕೊಳ್ಳುತ್ತದೆ, ಅಷ್ಟರೊಳಗೆ ಕೊಂದರೆ ಮೊಟ್ಟೆಯೇ ಹೊರಬರುವುದಿಲ್ಲ. ಪ್ರಮಾಣ ಕಿಲೊ ತೂಕಕ್ಕೆ 5 ಮಿಲಿಗ್ರಾಂ. ಅಂಗಡಿಯ ಕೆಲವು ಅಗ್ಗದ ಮಾತ್ರೆಗಳಲ್ಲಿ ಈ ಔಷಧಿ ಇರುವುದೇ ಇಲ್ಲ, ಪಟ್ಟಿಯ ಹಿಂದೆ ಓದಿ ನೋಡಿ.

ಅಂಗಡಿಯಲ್ಲಿ

ಹೊರದೇಶದ ಪಾಕಪಟ್ಟಿಗಳೆಲ್ಲ ದನದ ಮಾಂಸದ ಮೇಲೆ ನಿಂತಿವೆ. ಕರ್ನಾಟಕದ 2020ರ ಕಾನೂನಿನಂತೆ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಜಾನುವಾರು ಹತ್ಯೆ ಇಲ್ಲ. ಹಾಗಾಗಿ ನಮ್ಮ ಲೆಕ್ಕ ಕೋಳಿಯ ಮೇಲೆ ನಿಲ್ಲುತ್ತದೆ, ಜೊತೆಗೆ ಸ್ವಲ್ಪ ಮಟನ್. ಹಂದಿ ಮಾಂಸ ಹಸಿಯಾಗಿ ಬೇಡ.

ಭಾನುವಾರದ ಗದ್ದಲದಲ್ಲಿ ಹೋಗಬೇಡಿ. ವಾರದ ನಡುವಿನ ದಿನ ಬೆಳಿಗ್ಗೆ ಏಳರೊಳಗೆ ಹೋಗಿ, ಎದುರಿಗೇ ಕೊಯ್ಸಿ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿಕೊಂಡೇ ಹೋಗಿ. ಅಂಗಡಿಯಿಂದ ಫ್ರಿಜ್ ಸೇರಲು ಒಂದು ಗಂಟೆಯೇ ಗಡುವು. ಕೋಳಿ ಅಂಗಡಿಯವರು ಕೇಳದೆಯೇ ಚರ್ಮ ಸುಲಿಯುತ್ತಾರೆ, ಕೇಳದೆಯೇ ತುಂಡರಿಸುತ್ತಾರೆ. ನಮಗೆ ಎರಡೂ ಬೇಡ. "ಭಾಯ್, ವಿತ್ ಸ್ಕಿನ್ ಕೊಡ್ರಿ, ರೆಕ್ಕಿ ಇಡೀ ಇರ್ಲಿ, ಕತ್ತಿ ಹಾಕಬ್ಯಾಡ್ರಿ" ಎಂದು ಮೊದಲೇ ಹೇಳಿ. ಕತ್ತಿಯ ಏಟಿಗೆ ಸೀಳಿದ ಮೂಳೆಯ ತುದಿ ಚೂಪು, ತುಂಡು ಚಿಕ್ಕದಿದ್ದರೆ ನಾಯಿ ಅಗಿಯದೆ ನುಂಗುತ್ತದೆ.

ಫಾರಂ ಕೋಳಿಯೇ ಇರಲಿ. ಆರು ವಾರಕ್ಕೆಲ್ಲ ಕೊಯ್ಯುವ ಆ ಕೋಳಿಯ ಮೂಳೆ ಇನ್ನೂ ಎಳೆಯದು, ಹಲ್ಲಿಗೆ ಬಗ್ಗುತ್ತದೆ. ಜವಾರಿ ಕೋಳಿಯದ್ದೂ ಮೊಟ್ಟೆ ನಿಂತ ಮೇಲೆ ಮಾರುವ ಫಾರಂ ಹೇಂಟೆಯದ್ದೂ ಬಲಿತ ಮೂಳೆ, ಸೀಳುತ್ತದೆ. ಅವುಗಳ ಮಾಂಸ ಬಳಸಿ, ಮೂಳೆ ಬಿಡಿ. ಕುರಿಯ ಕಾಲಿನ ನಲ್ಲಿ ಮೂಳೆ ಕೊಟ್ಟರೆ ಮೇಲ್ದವಡೆಯ ದೊಡ್ಡ ಹಲ್ಲು ಚಕ್ಕೆಯಾಗಿ ಒಡೆಯುವುದು ಸಾಮಾನ್ಯ. ಬೆಂದ ಮೂಳೆಯನ್ನಂತೂ ಯಾವ ಪ್ರಾಣಿಯದ್ದಾದರೂ ಕೊಡಬಾರದು, ಬೆಂದಾಗ ಗಾಜಿನಂತೆ ಚೂರಾಗುತ್ತದೆ.

ಅಂಗಡಿ ಮುಂದಿನ ಡ್ರಮ್ಮಿನ ಕೋಳಿ ವೇಸ್ಟ್ ಪುಕ್ಕಟೆ ಸಿಗುತ್ತದೆ. ಕರುಳು, ಪುಕ್ಕ, ಹಿಕ್ಕೆ ಸೇರಿ ಬಿಸಿಲಿಗೆ ಬೆಂದಿರುವ ಸರಕು ಅದು. ಪುಕ್ಕಟೆ ಸಿಕ್ಕಿದ್ದಕ್ಕಿಂತ ಹತ್ತು ಪಟ್ಟು ಡ್ರಿಪ್ ಬಾಟಲಿಗೆ ಹೋಗುತ್ತದೆ.

2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಖಚಿತವಾಗಿತ್ತು. ಅಂಥ ಸುದ್ದಿ ಬಂದ ದಿನದಿಂದ ಕೋಳಿ, ಮೊಟ್ಟೆ ಬೇಯಿಸಿಯೇ ಹಾಕಿ. 70 ಡಿಗ್ರಿ ದಾಟಿ ಬೆಂದರೆ ಆ ವೈರಸ್ ಉಳಿಯುವುದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಎಚ್ಚರ, ನಾಯಿಗಿಂತ ಬೆಕ್ಕಿಗೆ ಅದು ಮಾರಕ.

ತಕ್ಕಡಿಯ ಲೆಕ್ಕ

ಎಲ್ಲ ಕಡೆ ಹೇಳುವ ಸೂತ್ರ: ಬೆಳೆದ ನಾಯಿಗೆ ಮೈತೂಕದ ಶೇ 2ರಿಂದ 3. ಸೂತ್ರ ಕೊಬ್ಬಿರುವ ಮಾಂಸಕ್ಕೆ ಮಾಡಿದ್ದು. ಚರ್ಮ ಸುಲಿದ ನಮ್ಮ ಕೋಳಿಗೆ ಅದನ್ನು ಹಾಕಿದರೆ ನಾಯಿ ಸೊರಗುತ್ತದೆ. ಆದ್ದರಿಂದ 20 ಕಿಲೊ ನಾಯಿಗೆ ಶೇ 3, ಅಂದರೆ ದಿನಕ್ಕೆ 600 ಗ್ರಾಂ, ವಾರಕ್ಕೆ 4.2 ಕಿಲೊ ಎಂದು ಹಿಡಿಯೋಣ. ಅದರಲ್ಲಿ ಮಾಂಸಖಂಡ ಶೇ 70, ಮೂಳೆ ಶೇ 10, ಕಾರ್ಜ ಶೇ 5, ಬೇರೆ ಒಳಾಂಗ ಶೇ 5, ತರಕಾರಿ ಶೇ 10.

ಎಡವುವುದು ಮೂಳೆಯಲ್ಲಿ. ಶೇ 10 ಮೂಳೆ ಎಂದರೆ 420 ಗ್ರಾಂ ರೆಕ್ಕೆ ಅಲ್ಲ. ಚರ್ಮ ಸಹಿತ ಕೋಳಿ ರೆಕ್ಕೆಯಲ್ಲಿ ಮೂಳೆ ಸುಮಾರು ಶೇ 46, ಉಳಿದದ್ದು ಮಾಂಸ, ಚರ್ಮ. ಆದ್ದರಿಂದ 420 ಗ್ರಾಂ ಮೂಳೆ ಬೇಕಾದರೆ 910 ಗ್ರಾಂ ರೆಕ್ಕೆ. ಅದರಲ್ಲಿನ 490 ಗ್ರಾಂ ಮಾಂಸವನ್ನು ಮಾಂಸಖಂಡದ ಲೆಕ್ಕದಿಂದ ಕಳೆಯಬೇಕು. ಕೋಳಿ ಪಾದದಲ್ಲಿ ಮೂಳೆ ಶೇ 60ರ ಹತ್ತಿರ, ಇಡೀ ಕಾಲಿನಲ್ಲಿ ಶೇ 30ರ ಒಳಗೆ. ಯಾವುದು ಸಿಕ್ಕರೂ ಇದೇ ರೀತಿ ಭಾಗಿಸಿಕೊಳ್ಳಿ.

ವಾರದ ಪಟ್ಟಿ ಹೀಗೆ ನಿಲ್ಲುತ್ತದೆ:

ಚರ್ಮ ಸಹಿತ ಕೋಳಿ ರೆಕ್ಕೆ – 910 ಗ್ರಾಂ
ಮೂಳೆ ತೆಗೆದ, ಚರ್ಮ ಇರುವ ಕೋಳಿ ತೊಡೆ – 1,200 ಗ್ರಾಂ
ಕೋಳಿಯ ಕಂದನಕಾಯಿ (ಗಿಜರ್ಡ್), ಗುಂಡಿಗೆ – 500 ಗ್ರಾಂ
10 ದಿನ ಗಡ್ಡೆ ಕಟ್ಟಿಸಿದ ಮಟನ್ ಖೀಮಾ – 500 ಗ್ರಾಂ
ಬೇಯಿಸಿದ ಬೂತಾಯಿ ಮೀನು – 250 ಗ್ರಾಂ
ಬೇಯಿಸಿದ ಕಾರ್ಜ – 210 ಗ್ರಾಂ
ಬೇಯಿಸಿದ ಗುರ್ದಾ ಅಥವಾ ತಿಲ್ಲಿ – 210 ಗ್ರಾಂ
ಬೇಯಿಸಿ ನುರಿದ ತರಕಾರಿ – 420 ಗ್ರಾಂ

ಕಂದನಕಾಯಿ, ಗುಂಡಿಗೆ ಹೊಟ್ಟೆಯೊಳಗೇ ಇದ್ದರೂ ಸ್ನಾಯುವೇ, ಒಳಾಂಗದ ಪಾಲಿಗೆ ಸೇರಿಸಬೇಡಿ. ಕಾರ್ಜದ ಪಾಲು ಹೆಚ್ಚಿಸಬೇಡಿ. ಅದರ ವಿಟಮಿನ್ ಎ ದೇಹದಲ್ಲಿ ಕೂಡಿಡುತ್ತ ಹೋಗಿ ಕುತ್ತಿಗೆ ಮೂಳೆ ಬಿಗಿಯುವಂತೆ ಮಾಡುತ್ತದೆ. ಕರಾವಳಿಯಿಂದ ಐಸಿನಲ್ಲಿ ಬರುವ ಬೂತಾಯಿ ಸಿಗದ ವಾರ ತುಂಗಭದ್ರೆಯ ರೋಹು, ಕಾಟ್ಲಾ ಆದೀತು, ಬೇಯಿಸಿ ಮುಳ್ಳು ತೆಗೆದು. ಒಮೆಗಾ ಕೊಬ್ಬು ಅದರಲ್ಲಿ ಕಡಿಮೆ. ತರಕಾರಿಗೆ ಕುಂಬಳ, ಗಜ್ಜರಿ, ಬೀನ್ಸ್, ಹೀರೇಕಾಯಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಸಿಯಾಗಿಯೂ ಬೇಯಿಸಿಯೂ ಬೇಡ, ರಕ್ತದ ಕೆಂಪುಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ.

ಈ ಪಟ್ಟಿಯಿಂದ ದಿನಕ್ಕೆ ಸುಮಾರು 850ರಿಂದ 900 ಕಿಲೊಕ್ಯಾಲರಿ ಸಿಗುತ್ತದೆ, ಸಂತಾನಹರಣ ಆದ, ಮನೆಯಲ್ಲೇ ಇರುವ 20 ಕಿಲೊ ನಾಯಿಗೆ ಹೆಚ್ಚುಕಡಿಮೆ ಸರಿ. ತೊಡೆಯ ಚರ್ಮ ಸುಲಿಸಿದರೆ ದಿನಕ್ಕೆ 170ರಷ್ಟು ಇಳಿಯುತ್ತದೆ. ಹೊಲದಲ್ಲಿ ಓಡುವ ಮುಧೋಳ ನಾಯಿಗೆ ಶೇ 3.5ರಿಂದ 4 ಬೇಕಾಗುತ್ತದೆ.

ಇಷ್ಟಾದರೂ ಪಟ್ಟಿ ಪೂರ್ಣವಲ್ಲ. ವಿಟಮಿನ್ ಇ, ಸತು, ಮ್ಯಾಂಗನೀಸ್, ಅಯೋಡಿನ್ ಕೊರತೆ ಉಳಿದೇ ಇರುತ್ತದೆ. ತಿಂಗಳೆರಡು ತಿಂಗಳಲ್ಲಿ ಗೊತ್ತಾಗುವುದಿಲ್ಲ. ವರ್ಷ ಕಳೆದ ಮೇಲೆ ಕೂದಲು ಮಂಕಾಗಿ, ಮೂಗಿನ ಸುತ್ತ ಚರ್ಮ ಹೊರೆ ಕಟ್ಟುತ್ತದೆ. ಪಟ್ಟಿಯನ್ನು ಪಶುವೈದ್ಯರಿಗೆ ತೋರಿಸಿ, ಮನೆ ಊಟಕ್ಕೆ ಸೇರಿಸುವ ಖನಿಜ ಮಿಶ್ರಣ ಬರೆಸಿಕೊಳ್ಳಿ. ದನಕ್ಕೆ ಹಾಕುವ ಖನಿಜ ಪುಡಿ ಬೇಡ. ದಿನಕ್ಕೆ ಅರ್ಧ ಜೋಳದ ರೊಟ್ಟಿ ಮುರಿದು ಹಾಕಿದರೆ ಮ್ಯಾಂಗನೀಸ್ ಸ್ವಲ್ಪ ಸೇರುತ್ತದೆ.

ವಾರದ ಡಬ್ಬಿ ಕಟ್ಟುವುದು

1. ಮಟನ್ ಖೀಮಾ 10 ದಿನ ಮೊದಲೇ ತಂದು, ದಿನಾಂಕ ಬರೆದು ಗಡ್ಡೆ ಕಟ್ಟಿಸಿರಬೇಕು. ಕೋಳಿ ತರುವ ಹಿಂದಿನ ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿ, ಬೆಳಿಗ್ಗೆ ಪುಡಿ ಮಾಡುವಷ್ಟು ಮಾತ್ರ ಸಡಿಲಾಗಲಿ.

2. ಕಾರ್ಜ, ಗುರ್ದಾ, ಮೀನು, ತರಕಾರಿ ಬೇಯಿಸಿ ಪೂರ್ತಿ ತಣ್ಣಗಾಗಿಸಿ. ಉಪ್ಪು, ಖಾರ, ಎಣ್ಣೆ ಇಲ್ಲ.

3. ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಅರಿಶಿನ, ಉಪ್ಪು ಹಚ್ಚಿ ತೊಳೆದರೆ ಶುದ್ಧ ಎಂಬುದು ನಮ್ಮ ಕಡೆ ಗಟ್ಟಿ ನಂಬಿಕೆ. ಸಾರಿಗೆ ಹಾಕಿ ಕುದಿಸುವಾಗ ಆ ನಂಬಿಕೆಯಿಂದ ಕೇಡಿಲ್ಲ. ಹಸಿಯಾಗಿ ಹಾಕುವಾಗ ಅರಿಶಿನ ಸಾಲ್ಮೊನೆಲ್ಲಾವನ್ನು ಕೊಲ್ಲುವುದಿಲ್ಲ, ಸಿಡಿದ ಹನಿ ಮಾತ್ರ ಪಕ್ಕದ ಕೊತ್ತಂಬರಿ ಮೇಲೆ ಕೂರುತ್ತದೆ. ರಕ್ತವಿದ್ದರೆ ಪೇಪರಿನಿಂದ ಒತ್ತಿ ತೆಗೆಯಿರಿ.

4. ರೆಕ್ಕೆ ಬಿಟ್ಟು ಉಳಿದದ್ದನ್ನೆಲ್ಲ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕಲಸಿ. 4.2 ಕಿಲೊದಲ್ಲಿ ರೆಕ್ಕೆ ಕಳೆದರೆ 3,290 ಗ್ರಾಂ. ಏಳು ಡಬ್ಬಿಗೆ 470 ಗ್ರಾಂನಂತೆ. ಪ್ರತಿ ಡಬ್ಬಿಗೆ 130 ಗ್ರಾಂ ರೆಕ್ಕೆ, ಅಂದರೆ ಒಂದೋ ಒಂದೂವರೆಯೋ. ಕೆಲಸವೆಲ್ಲ 20 ನಿಮಿಷದಲ್ಲಿ ಮುಗಿಯಲಿ, ಫ್ಯಾನ್ ಕೆಳಗೆ ಮಾತಾಡುತ್ತ ಕೂರುವ ಕೆಲಸವಲ್ಲ. ಬೆಚ್ಚಗಿನ ಮಾಂಸದಲ್ಲಿ ರೋಗಾಣು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಸುತ್ತದೆ.

5. ಡಬ್ಬಿಗಿಂತ ಜಿಪ್ ಕವರ್ ಮೇಲು. ಎರಡು ಬೆರಳು ದಪ್ಪಕ್ಕೆ ಚಪ್ಪಟೆ ಮಾಡಿದರೆ ಬೇಗ ಗಡ್ಡೆ ಕಟ್ಟುತ್ತದೆ, ಬೇಗ ಕರಗುತ್ತದೆ. ಉಂಡೆ ಮಾಡಿ ಇಟ್ಟರೆ ನಡುವಿನ ಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿದು ಅಲ್ಲಿಂದಲೇ ಹುಳಿ ವಾಸನೆ ಬರುತ್ತದೆ.

6. ಪಾತ್ರೆ, ಚಾಕು, ಕಟ್ಟೆಯನ್ನು ಸೋಪಿನಿಂದ ತಿಕ್ಕಿ. ಆಮೇಲೆ ಲೀಟರ್ ತಣ್ಣೀರಿಗೆ 20 ಮಿಲಿಲೀಟರ್ ಬ್ಲೀಚ್ ದ್ರಾವಣ ಹಾಕಿ 10 ನಿಮಿಷ ನೆನೆಸಿ ತೊಳೆಯಿರಿ. ಜಿಡ್ಡಿನ ಮೇಲೆ ಬ್ಲೀಚ್ ಕೆಲಸ ಮಾಡುವುದಿಲ್ಲ, ಸೋಪು ಮೊದಲು. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ರೂಢಿ ಮಾಡಿಸುವುದು

ಮೊದಲ ಹತ್ತು ದಿನ ಮೂಳೆಯೂ ಇಲ್ಲ, ಕಾರ್ಜವೂ ಇಲ್ಲ. ಹಳೆಯ ಊಟದ ಐದರಲ್ಲೊಂದು ಪಾಲು ತೆಗೆದು ಅಲ್ಲಿ ಮೂಳೆ ತೆಗೆದ ಕೋಳಿ ಸೇರಿಸಿ, ಮೂರು ದಿನ. ಮಲ ಗಟ್ಟಿ ಇದ್ದರೆ ಅರ್ಧಕ್ಕೆ, ಮತ್ತೆ ಮೂರು ದಿನ. ಆಮೇಲೆ ಮುಕ್ಕಾಲು, ಹತ್ತನೆಯ ದಿನ ಪೂರ್ತಿ. ಈ ದಿನಗಳಲ್ಲಿ ಕ್ಯಾಲ್ಸಿಯಂಗೆ ಮೊಟ್ಟೆಸಿಪ್ಪೆ ಪುಡಿ: ಸಿಪ್ಪೆ 10 ನಿಮಿಷ ಕುದಿಸಿ, ಬಿಸಿಲಿಗೆ ಒಣಗಿಸಿ (ಬಳ್ಳಾರಿ ಬಿಸಿಲಿಗೆ ಅರ್ಧ ದಿನ ಸಾಕು), ಮಿಕ್ಸಿಯಲ್ಲಿ ಹಿಟ್ಟಿನಂತೆ ಮಾಡಿ, ಕಿಲೊ ಮಾಂಸಕ್ಕೆ ಒಂದು ಮಟ್ಟಸ ಟೀ ಚಮಚ. ಮೂರನೆಯ ವಾರ ರೆಕ್ಕೆ ಮತ್ತು ದಿನಕ್ಕೆ 10 ಗ್ರಾಂ ಕಾರ್ಜ, ನಾಲ್ಕನೆಯ ವಾರ ಕಾರ್ಜ 30 ಗ್ರಾಂಗೆ ಏರಿಸಿ ಮಟನ್, ಮೀನು. ರೆಕ್ಕೆ ಶುರುವಾದ ದಿನ ಸಿಪ್ಪೆಪುಡಿ ನಿಲ್ಲಿಸಿ, ಎರಡೂ ಸೇರಿದರೆ ಮಲಬದ್ಧತೆ ಖಚಿತ.

ದಿನದ ಊಟ

ಮರುದಿನದ ಕವರ್ ಹಿಂದಿನ ರಾತ್ರಿಯೇ ಕೆಳಗಿನ ಫ್ರಿಜ್‌ಗೆ, ತಟ್ಟೆಯ ಮೇಲೆ, ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ. ಕಟ್ಟೆಯ ಮೇಲೆ ಕರಗಿಸಬೇಡಿ. ಬೆಳಿಗ್ಗೆ ಆರಕ್ಕೆ ಅರ್ಧ, ರಾತ್ರಿ ಎಂಟರ ಮೇಲೆ ಅರ್ಧ. ಓಡಿ ಬಂದು ಏದುಸಿರು ಬಿಡುತ್ತಿರುವ ನಾಯಿಗೆ ಒಂದು ಗಂಟೆ ಬಿಟ್ಟು ಹಾಕಿ. ಆಳದ ಎದೆಯ ನಾಯಿಗಳಿಗೆ ಹೊಟ್ಟೆ ತಿರುಚಿಕೊಳ್ಳುವ ಭಯ ಇರುತ್ತದೆ. ಸ್ಟೀಲ್ ತಟ್ಟೆ, ಹಿತ್ತಲು ಅಥವಾ ಮಾಳಿಗೆ, ತೊಳೆಯಬಹುದಾದ ನೆಲ. 15 ನಿಮಿಷದಲ್ಲಿ ತಿಂದಷ್ಟು ತಿನ್ನಲಿ, ಉಳಿದದ್ದು ಎಸೆಯಿರಿ. ಆ ಬಿಸಿಲಲ್ಲಿ ಬಿಟ್ಟಿದ್ದನ್ನು ಮತ್ತೆ ಫ್ರಿಜ್‌ಗೆ ಇಟ್ಟರೆ ಫ್ರಿಜ್ ಕೆಟ್ಟದ್ದನ್ನು ಕೆಟ್ಟದ್ದಾಗಿಯೇ ಕಾಯುತ್ತದೆ.

ರೆಕ್ಕೆ ತಿನ್ನುವಾಗ ಪಕ್ಕದಲ್ಲೇ ಇರಿ. ಸರಿಯಾಗಿ ತಿನ್ನುವ ನಾಯಿ ರೆಕ್ಕೆಯನ್ನು ಬಾಯಿಯ ಪಕ್ಕಕ್ಕೆ ತಳ್ಳಿ ಹಿಂದಿನ ಹಲ್ಲಿನಲ್ಲಿ ಕಟಕಟ ಎಂದು ಏಳೆಂಟು ಸಲ ಕಡಿದು ನುಂಗುತ್ತದೆ. ಶಬ್ದವೇ ಇಲ್ಲದೆ ಮಾಯವಾದರೆ ಇಡೀ ನುಂಗಿದೆ ಎಂದರ್ಥ. ಅಂಥ ನಾಯಿಗೆ ಅರ್ಧ ಗಡ್ಡೆಯಾಗಿರುವಾಗಲೇ ಕೊಡಿ, ಅಥವಾ ಒಂದು ತುದಿ ಇಕ್ಕಳದಲ್ಲಿ ಹಿಡಿದು ತಿನ್ನಿಸಿ. ಅದೂ ಆಗದಿದ್ದರೆ ಮೂಳೆ ಬಿಟ್ಟು ಸಿಪ್ಪೆಪುಡಿಯೇ ಇರಲಿ. ತಿಂದ ಒಂದೆರಡು ಗಂಟೆ ಮುಖ ನೆಕ್ಕಿಸಿಕೊಳ್ಳಬೇಡಿ, ಮಕ್ಕಳನ್ನು ದೂರ ಇಡಿ.

ಮಲ ಏನು ಹೇಳುತ್ತದೆ

ಬಿಳಿಚಿ, ಸುಣ್ಣದ ಕಡ್ಡಿಯಂತೆ ಪುಡಿಯಾದರೆ ಮೂಳೆ ಹೆಚ್ಚು. ರೆಕ್ಕೆ ಕಾಲು ಭಾಗ ಇಳಿಸಿ ಕುಂಬಳ ಏರಿಸಿ. ಕಪ್ಪಗೆ ಸಡಿಲವಾಗಿದ್ದರೆ ಕಾರ್ಜ ಹೆಚ್ಚು. ಅದನ್ನು ಇಳಿಸಿದ ಎರಡು ದಿನದ ಮೇಲೂ ಟಾರಿನಂತೆ ಕಪ್ಪಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಲೋಳೆ ಹೊದ್ದ ಮಲ ಎರಡು ದಿನ ಬಂದರೆ ಹಿಂದಿನ ಹಂತಕ್ಕೆ ಹೋಗಿ.

ಮೇಲಿಂದ ಮೇಲೆ ವಾಂತಿ, ಮಲ ಬಾರದೆ ತಿಣುಕುವುದು, ಮುಂಗಾಲು ಚಾಚಿ ಎದೆ ನೆಲಕ್ಕಿಟ್ಟು ಹಿಂಭಾಗ ಎತ್ತಿ ನಿಲ್ಲುವುದು ಕಂಡರೆ ಅದೇ ದಿನ ಎಕ್ಸರೇ. ಮೂಳೆ ಸಿಕ್ಕಿಕೊಂಡಿರಬಹುದು. ಮನೆಯಲ್ಲಿ ಎಣ್ಣೆ ಕುಡಿಸಿ ಕಾಯಬೇಡಿ. ಜ್ವರ, ಮಂಕು, ಊಟ ಬಿಟ್ಟದ್ದಕ್ಕೆಲ್ಲ ಹಸಿ ಮಾಂಸವೇ ಕಾರಣ ಎಂದೂ ತಿಳಿಯಬೇಡಿ, ನಮ್ಮ ಕಡೆ ಉಣ್ಣೆ ಕಡಿತದ ಜ್ವರವೂ ಹೀಗೇ ಶುರುವಾಗುತ್ತದೆ. ಡಾಕ್ಟರ ಬಳಿ ಹೋದಾಗ ಹಸಿ ಮಾಂಸ ಹಾಕುತ್ತಿದ್ದೇವೆ ಎಂಬುದನ್ನು ಕೇಳದಿದ್ದರೂ ಹೇಳಿ. ಬೈಯ್ಯಬಹುದು, ಬೈದರೂ ಪರೀಕ್ಷೆ ಸರಿಯಾದ ದಾರಿಯಲ್ಲಿ ಹೋಗುತ್ತದೆ.

ಎರಡು ತಿಂಗಳು ವಾರಕ್ಕೊಮ್ಮೆ ತೂಕ ನೋಡಿ: ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಅರ್ಧ ಕಿಲೊ ಏರಿಳಿದರೆ ಊಟ ಹತ್ತರಲ್ಲೊಂದು ಪಾಲು ಬದಲಿಸಿ. ಮುಧೋಳ ನಾಯಿಗೆ ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಸಹಜ, ಅದನ್ನು ಲ್ಯಾಬ್ರಡಾರ್ ಮಾಡಲು ಹೊರಡಬೇಡಿ.

ಕರೆಂಟ್ ಕೈಕೊಟ್ಟ ದಿನ

ಕವರ್‌ಗಳ ನಡುವೆ ಇನ್ನೂ ಐಸಿನ ಹರಳು ಇದ್ದರೆ ಮತ್ತೆ ಗಡ್ಡೆ ಕಟ್ಟಲು ಬಿಡದೆ ಎಲ್ಲವನ್ನೂ ಒಟ್ಟಿಗೆ ಬೇಯಿಸಿಬಿಡಿ. ಮೊದಲು ರೆಕ್ಕೆ ಹೊರತೆಗೆದು ಮಾಂಸ ಬಿಡಿಸಿ, ಮೂಳೆ ಎಸೆಯಿರಿ. ಉಳಿದದ್ದು ಕುಕ್ಕರಿನಲ್ಲಿ ಮೂರು ಸೀಟಿ. ಆರಿದ ಮೇಲೆ ಕಿಲೊಗೆ ಒಂದು ಟೀ ಚಮಚ ಸಿಪ್ಪೆಪುಡಿ. ಹರಳು ಪೂರ್ತಿ ಕರಗಿ ಮಾಂಸ ಕೈಗೆ ಬೆಚ್ಚಗೆ ಹತ್ತಿದರೆ ಬೇಯಿಸಿಯೂ ಉಪಯೋಗವಿಲ್ಲ, ಕೆಲವು ರೋಗಾಣು ಬಿಟ್ಟ ವಿಷ ಕುದಿಗೂ ಹೋಗುವುದಿಲ್ಲ. ಏಪ್ರಿಲ್, ಮೇ ಪೂರ್ತಿ ಹೀಗೇ ಆಗುತ್ತಿದ್ದರೆ ಆ ಎರಡು ತಿಂಗಳು ಬೇಯಿಸಿದ ಊಟಕ್ಕೇ ಇಳಿಯಿರಿ. ಬದಲಿಸುವಾಗ ಮೂರು ನಾಲ್ಕು ದಿನದ ಹಂತ ಇರಲಿ. ಜೂನ್ ಮಳೆ ಬಿದ್ದು ಥರ್ಮಾಮೀಟರ್ ಮತ್ತೆ ಮಧ್ಯಾಹ್ನವೂ ಮೈನಸ್ 18 ತೋರಿಸಿದ ಮೇಲೆ ಮೂಳೆ ತೆಗೆದ ಕೋಳಿಯಿಂದ ಮತ್ತೆ ಶುರು ಮಾಡಿ.